ಉದ್ದ ಅಳೆದ ಸರ್ಕಾರ, ಎತ್ತರ ನೋಡಿದ ಊರು

ಮಾರುತಿ ಬ್ರೆಝಾ ಕಾರಿನ ಉದ್ದ 3,995 ಮಿಲಿಮೀಟರ್. ಹ್ಯುಂಡೈ ವೆನ್ಯೂ, ಕಿಯಾ ಸೋನೆಟ್, ಮಹೀಂದ್ರಾ ಎಕ್ಸ್‌ಯುವಿ 300 ಮಾರುಕಟ್ಟೆಗೆ ಬಂದಾಗ ಅವುಗಳದೂ ಅಷ್ಟೇ. ನಿಸಾನ್ ಮ್ಯಾಗ್ನೈಟ್ 3,994, ರೆನೊ ಕೈಗರ್ 3,991, ಫೋರ್ಡ್ ಇಕೋಸ್ಪೋರ್ಟ್ 3,999. ಜಪಾನ್, ಕೊರಿಯಾ, ಫ್ರಾನ್ಸ್, ಅಮೆರಿಕ, ಭಾರತ ಹೀಗೆ ನಾನಾ ಮೂಲದ ಕಂಪನಿಗಳು, ಬೇರೆ ಬೇರೆ ವಿನ್ಯಾಸಗಾರರು. ಆದರೂ ಇವರೆಲ್ಲರ ಕಾರುಗಳ ಉದ್ದದಲ್ಲಿ ವ್ಯತ್ಯಾಸ ಎಂಟೇ ಮಿಲಿಮೀಟರ್. ಇದು ಕಾಕತಾಳೀಯವಲ್ಲ. ಈ ಕಾರುಗಳ ನಕ್ಷೆಯ ಮೊದಲ ಗೆರೆ ಎಳೆದದ್ದು ಕೇಂದ್ರ ಹಣಕಾಸು ಇಲಾಖೆ.

2006ರ ಬಜೆಟ್ಟಿನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕ ಶೇ 24ರಿಂದ ಶೇ 16ಕ್ಕೆ ಇಳಿಯಿತು. ಸಣ್ಣ ಕಾರು ಎನ್ನಿಸಿಕೊಳ್ಳಲು ಉದ್ದ ನಾಲ್ಕು ಮೀಟರ್ ಮೀರಬಾರದು, ಪೆಟ್ರೋಲ್ ಎಂಜಿನ್ 1,200 ಸಿಸಿ, ಡೀಸೆಲ್ ಎಂಜಿನ್ 1,500 ಸಿಸಿ ದಾಟಬಾರದು. ಉದ್ದೇಶ ಒಳ್ಳೆಯದಿತ್ತು. ಭಾರತ ಸಣ್ಣ ಕಾರುಗಳ ತಯಾರಿಕೆಯ ನೆಲೆಯಾಗಬೇಕು, ಮಧ್ಯಮ ವರ್ಗದ ಕೈಗೆ ಕಾರು ಎಟುಕಬೇಕು ಎಂಬ ಆಸೆ. ಮೊದಲ ಪರಿಣಾಮ ಕಂಡದ್ದು ಸೆಡಾನ್‌ಗಳ ಮೇಲೆ. 2008ರಲ್ಲಿ ಟಾಟಾ ಇಂಡಿಗೊ ಸಿಎಸ್ ಡಿಕ್ಕಿ ಕತ್ತರಿಸಿಕೊಂಡು ಬಂತು. ಅದೇ ವರ್ಷ 4,160 ಮಿಲಿಮೀಟರ್ ಉದ್ದವಾಗಿ ಹುಟ್ಟಿದ ಸ್ವಿಫ್ಟ್ ಡಿಜೈರ್, 2012ರ ಹೊಸ ರೂಪದಲ್ಲಿ 3,995ಕ್ಕೆ ಇಳಿಯಿತು. ಕಾರಿನ ಹಿಂಭಾಗ ನೋಡಿದವರಿಗೆ ಕತ್ತರಿ ಎಲ್ಲಿ ಬಿತ್ತೆಂದು ಯಾರೂ ಹೇಳಬೇಕಾಗಿರಲಿಲ್ಲ.

ಎಸ್‌ಯುವಿಗಳ ಸರದಿ ಬಂದದ್ದು ಆಮೇಲೆ. 2013ರ ಬಜೆಟ್ಟು ಎಸ್‌ಯುವಿಗಳ ಸುಂಕವನ್ನು ಶೇ 27ರಿಂದ 30ಕ್ಕೆ ಏರಿಸಿತು. ಎಸ್‌ಯುವಿ ಎಂದರೆ ಯಾವುದು? ಉದ್ದ ನಾಲ್ಕು ಮೀಟರ್ ದಾಟಬೇಕು, ಎಂಜಿನ್ 1,500 ಸಿಸಿ ದಾಟಬೇಕು, ನೆಲಕ್ಕೂ ತಳಕ್ಕೂ ನಡುವಿನ ಅಂತರ 170 ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚಿರಬೇಕು. ಮೂರೂ ಒಟ್ಟಿಗೆ ಇದ್ದರೆ ಮಾತ್ರ ದಂಡ. ಅಂದರೆ ಎತ್ತರದ ಕಾರಿಗೆ ತೆರಿಗೆಯ ಭಯವೇ ಇಲ್ಲದ ಒಂದು ಜಾಗ ಉಳಿಯಿತು: ನಾಲ್ಕು ಮೀಟರಿನೊಳಗೆ ಸಣ್ಣ ಎಂಜಿನ್ ಇಟ್ಟರೆ ಕಾರು ಎಷ್ಟು ಎತ್ತರವಿದ್ದರೂ ಅದು ಸಣ್ಣ ಕಾರೇ. 2017ರಲ್ಲಿ ಜಿಎಸ್‌ಟಿ ಬಂದಾಗ ಈ ಕಂದರ ಇನ್ನಷ್ಟು ಅಗಲವಾಯಿತು. ಆ ವರ್ಷದ ಸೆಪ್ಟೆಂಬರ್ ಹೊತ್ತಿಗೆ ಸಣ್ಣ ಕಾರಿನ ಮೇಲಿನ ತೆರಿಗೆ, ಸೆಸ್ ಸೇರಿ ಶೇ 29 ಅಥವಾ 31. ದೊಡ್ಡ ಎಸ್‌ಯುವಿಗೆ ಶೇ 50.

ಇಷ್ಟು ಅಂತರವಿದ್ದಲ್ಲಿ ಕಂಪನಿಗಳು ನುಗ್ಗದೆ ಇರುತ್ತವೆಯೇ? 2009ರಲ್ಲಿ ಪುಣೆ ಬಳಿಯ ಪ್ರೀಮಿಯರ್ ಕಂಪನಿ ರಿಯೊ ತಂದು ಈ ದಾರಿ ತೆರೆದಿತ್ತು. ಅದು ಹೆಚ್ಚು ಓಡಲಿಲ್ಲ. 2012ರಲ್ಲಿ ಮಹೀಂದ್ರಾ ತನ್ನ ಝೈಲೊವನ್ನು ಮೊಟಕುಗೊಳಿಸಿ ಕ್ವಾಂಟೊ ಮಾಡಿತು. ಅದೂ ಜನರ ಕಣ್ಣಿಗೆ ಒಪ್ಪಲಿಲ್ಲ. 2013ರ ಜೂನ್‌ನಲ್ಲಿ ಇಕೋಸ್ಪೋರ್ಟ್ 5.59 ಲಕ್ಷ ರೂಪಾಯಿಯ ಆರಂಭಿಕ ಬೆಲೆಗೆ ಬಂದಾಗಲೇ ಈ ಕಾಂಪ್ಯಾಕ್ಟ್ ಎಸ್‌ಯುವಿ ವರ್ಗಕ್ಕೆ ಬಾಗಿಲು ನಿಜವಾಗಿ ತೆರೆದದ್ದು. ಅದರ ಡೀಸೆಲ್ ಎಂಜಿನ್ 1,498 ಸಿಸಿ. ಮಿತಿಗೆ ಎರಡೇ ಸಿಸಿ ಬಾಕಿ. 2016ರ ಮಾರ್ಚ್‌ನಲ್ಲಿ ಮಾರುತಿ ತನ್ನ ಭಾರತೀಯ ಎಂಜಿನಿಯರುಗಳ ಕೈಯಲ್ಲೇ ರೂಪುಗೊಂಡ ವಿಟಾರಾ ಬ್ರೆಝಾ ತಂದಿತು. ಅದೇ ವರ್ಷ ನಮ್ಮ ಹಳ್ಳಿಗಳ ಹಳೆಯ ನೆಂಟ, ಮಹೀಂದ್ರಾದ ಬೊಲೆರೊಗೂ 1.5 ಲೀಟರ್ ಎಂಜಿನ್ ಕೂರಿಸಿ, ಪವರ್ ಪ್ಲಸ್ ಎಂಬ ಹೆಸರು ಕೊಟ್ಟು ಕಡಿಮೆ ತೆರಿಗೆಯ ಸಾಲಿಗೆ ತಂದರು. 2017ರಲ್ಲಿ ಟಾಟಾ ನೆಕ್ಸಾನ್, 2019ರಲ್ಲಿ ವೆನ್ಯೂ, 2020ರಲ್ಲಿ ಸೋನೆಟ್, 2021ರಲ್ಲಿ ಟಾಟಾ ಪಂಚ್ ಸಾಲಾಗಿ ಬಂದವು. 2023-24ರ ಹಣಕಾಸು ವರ್ಷದಲ್ಲಿ ದೇಶದಲ್ಲಿ ಮಾರಾಟವಾದ ಸುಮಾರು 42 ಲಕ್ಷ ಪ್ರಯಾಣಿಕ ವಾಹನಗಳಲ್ಲಿ 25 ಲಕ್ಷದಷ್ಟು ಎಸ್‌ಯುವಿ ಮತ್ತು ಅವುಗಳ ಜಾತಿಯ ವಾಹನಗಳು. 2024ರಲ್ಲಿ ದೇಶದಲ್ಲೇ ಹೆಚ್ಚು ಮಾರಾಟವಾದ ಕಾರು ಪಂಚ್. ನಾಲ್ಕು ದಶಕ ಮಾರುತಿ ಕೈಬಿಡದ ಪಟ್ಟ ಅದು.

ಇದನ್ನು ಕಂಡು ನಗರದ ವಿಮರ್ಶಕರು ಒಂದೇ ಮಾತಿನಲ್ಲಿ ತೀರ್ಪು ಕೊಡುತ್ತಾರೆ: ಎಲ್ಲ ಶೋಕಿ. ಕಾಡಿಗೂ ಹೋಗದ, ಗುಡ್ಡವನ್ನೂ ಹತ್ತದ ಜನಕ್ಕೆ ಎಸ್‌ಯುವಿ ಏಕೆ ಎಂದು ಕೇಳುತ್ತಾರೆ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ನಿಂತು ಕೇಳಿದರೆ ಪ್ರಶ್ನೆ ಸರಿಯೇ. ಅದನ್ನೇ ಕೊರ್ಲಹಳ್ಳಿಯಲ್ಲಿ ನಿಂತು ಕೇಳಿದರೆ ಉತ್ತರ ಬೇರೆಯಾಗುತ್ತದೆ.

ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿ ತುಂಗಭದ್ರೆಯ ದಂಡೆಯ ಊರು. ಹೊಳೆಯ ಸೇತುವೆ ದಾಟಿದರೆ ಹೂವಿನಹಡಗಲಿ ಸೀಮೆ. ಹಾಗಾಗಿ ಇಲ್ಲಿನದು ಬರೀ ಊರಿನ ರಸ್ತೆಯಲ್ಲ, ಎರಡು ಜಿಲ್ಲೆಗಳ ನಡುವಿನ ಹಾದಿ. ಗೋವಿನಜೋಳ, ಉಳ್ಳಾಗಡ್ಡಿ ಹೇರಿದ ಟ್ರ್ಯಾಕ್ಟರ್, ಹಂಗಾಮಿನಲ್ಲಿ ಕಬ್ಬಿನ ಟ್ರೇಲರ್, ಹೊಳೆದಂಡೆಯ ಮರಳು ಹೊತ್ತ ಟಿಪ್ಪರ್, ಮಂದಿ ತುಂಬಿದ ಕ್ರೂಸರ್, ಟಂಟಂ, ಸಾರಿಗೆ ಬಸ್ಸು ಎಲ್ಲಕ್ಕೂ ಈ ಭಾಗದಲ್ಲಿ ಒಂದೇ ಡಾಂಬರು. ಮೈಲಾರ ಜಾತ್ರೆಯ ದಿನಗಳಲ್ಲಿ ಹೊಳೆಯ ಆಚೆ ಹೋಗುವವರ ದಂಡೇ ಬೇರೆ. ಊರೊಳಗಿನಿಂದ ಹೊಲದ ಕಡೆ ತಿರುಗಿದರೆ ಎರೆ ಮಣ್ಣು. ಬೇಸಿಗೆಯಲ್ಲಿ ಗಾಲಿಯ ಚಾಕೋರಿ ಒಣಗಿ ಕಲ್ಲಾಗಿರುತ್ತದೆ, ನಡುವಿನ ದಿಬ್ಬು ಹಾಗೇ ನಿಂತಿರುತ್ತದೆ. ಮಳೆಗಾಲದಲ್ಲಿ ಅದೇ ಮಣ್ಣು ಗಾಲಿಗೆ ಮೆತ್ತಿ ಬಿಡುವುದಿಲ್ಲ.

ಇಂಥ ಕಡೆ ಕಾರಿನ ಮಾತು ಬಂದಾಗ ಮೊದಲ ಪ್ರಶ್ನೆ ಎಂಜಿನ್ನಿನದಲ್ಲ, ಮ್ಯೂಸಿಕ್ ಸಿಸ್ಟಮ್ಮಿನದೂ ಅಲ್ಲ. ‘ತಳಾ ಬಡಿತದೇನು?’ ಎಂಬುದು. ಐದು ಮಂದಿ ಕೂತು, ಡಿಕ್ಕಿಯಲ್ಲಿ ಎರಡು ಚೀಲ ಕಾಳು ಹಾಕಿಕೊಂಡು ಗದಗ ಅಥವಾ ಹುಬ್ಬಳ್ಳಿಯ ದವಾಖಾನೆಗೆ ಹೊರಟ ಮನೆಗೆ ಕಾರಿನ ತಳ ಉಳಿಯುವುದು ಮುಖ್ಯ. ಅದಕ್ಕೇ ಇಲ್ಲಿ ಮೊದಲು ಜೀಪು, ಆಮೇಲೆ ಟ್ರ್ಯಾಕ್ಸ್, ಕ್ರೂಸರ್, ಬೊಲೆರೊ ನೆಲೆಯೂರಿದ್ದು. ಕಾಂಪ್ಯಾಕ್ಟ್ ಎಸ್‌ಯುವಿ ಆ ಎತ್ತರವನ್ನು ಸ್ವಂತದ ಕಾರಿನ ಮೆತ್ತನೆಯ ಸೀಟಿನೊಂದಿಗೆ, ಸಾಲದ ಕಂತಿಗೆ ಎಟುಕುವ ಬೆಲೆಯಲ್ಲಿ ಕೊಟ್ಟಿತು. ಸ್ವಿಫ್ಟ್ ಕಾರಿನ ತಳಕ್ಕೂ ನೆಲಕ್ಕೂ 163 ಮಿಲಿಮೀಟರ್ ಅಂತರ, ಬ್ರೆಝಾಗೆ 198. ಮೂರೂವರೆ ಸೆಂಟಿಮೀಟರ್ ನಗರದಲ್ಲಿ ಲೆಕ್ಕಕ್ಕಿಲ್ಲ. ಚಾಕೋರಿ ಬಿದ್ದ ಹಾದಿಯಲ್ಲಿ ಆಯಿಲ್ ಸಂಪ್ ಉಳಿಯುವುದೋ ಒಡೆಯುವುದೋ ಎಂಬುದು ಅಷ್ಟರಲ್ಲೇ ಇದೆ.

ಜನ ಕಾರು ನಿಂತ ನಿಲುವನ್ನೇ ನೋಡಿ ಕೊಳ್ಳುತ್ತಾರೆ ಎಂಬುದಕ್ಕೆ 2015 ಒಳ್ಳೆಯ ಸಾಕ್ಷಿ. ಆ ವರ್ಷ ಜುಲೈನಲ್ಲಿ ಹ್ಯುಂಡೈ ಕ್ರೆಟಾ, ಆಗಸ್ಟ್‌ನಲ್ಲಿ ಮಾರುತಿ ಎಸ್-ಕ್ರಾಸ್ ಬಂದವು. ಎರಡೂ ನಾಲ್ಕು ಮೀಟರ್ ದಾಟಿದ ಕ್ರಾಸ್‌ಓವರ್‌ಗಳೇ. ಎಸ್-ಕ್ರಾಸ್ ಓಡಿಸಲು ಚೆನ್ನಾಗಿತ್ತು, ಗಟ್ಟಿಯಾಗಿತ್ತು. ಆದರೆ ನೋಡಲು ಉದ್ದನೆಯ ಹ್ಯಾಚ್‌ಬ್ಯಾಕಿನಂತೆ ತಗ್ಗಾಗಿ ಕಾಣುತ್ತಿತ್ತು. ಕ್ರೆಟಾ ಎದೆ ಎತ್ತಿ ನಿಂತಿತು, ಗೆದ್ದಿತು. ಎಸ್-ಕ್ರಾಸ್ 2022ರಲ್ಲಿ ನಿಂತುಹೋಯಿತು. ಶೋಕಿಯ ಪಾಲು ಇದರಲ್ಲಿ ಇಲ್ಲವೆನ್ನಲಾರೆ. ಮದುವೆಯ ಮನೆಯ ಮುಂದೆ ನಿಲ್ಲಿಸಿದಾಗ ಕಾಣುವ ಗತ್ತಿಗೂ ಬೆಲೆಯಿದೆ. ಆದರೆ ಅಗತ್ಯ ಮತ್ತು ಗತ್ತು ಒಂದೇ ಕಡೆ ಎಳೆಯುವಾಗ, ಅಗತ್ಯವನ್ನು ಮರೆಸಿ ಗತ್ತನ್ನು ಮಾತ್ರ ಬೊಟ್ಟು ಮಾಡುವುದು ನ್ಯಾಯವಲ್ಲ.

ಆ ಎಸ್-ಕ್ರಾಸ್ ಜಾಗಕ್ಕೆ ಬಂದ ಕಾರು ನಮ್ಮದೇ ರಾಜ್ಯದಲ್ಲಿ ಹುಟ್ಟಿತು. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ 2000ದ ಆರಂಭದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ ಕೊಟ್ಟ ಜಾಗ. 2020ರಲ್ಲಿ ಟೊಯೊಟಾ ಮಾರಿದ ಅರ್ಬನ್ ಕ್ರೂಸರ್ ಮಾತ್ರ ಮಾರುತಿಯ ಬ್ರೆಝಾಗೆ ಹೊಸ ಲಾಂಛನ ಅಂಟಿಸಿದ್ದು. ಎರಡೇ ವರ್ಷದಲ್ಲಿ ಅದು ನೇಪಥ್ಯಕ್ಕೆ ಸರಿಯಿತು. 2022ರಲ್ಲಿ ಕೊಡುಕೊಳ್ಳುವಿಕೆ ತಿರುಗಿತು. ಸುಜುಕಿಯ ತಳಹದಿಯ ಮೇಲೆ, ಸುಜುಕಿಯ ಮೈಲ್ಡ್ ಹೈಬ್ರಿಡ್ ಮತ್ತು ಟೊಯೊಟಾದ ಪೂರ್ಣ ಹೈಬ್ರಿಡ್ ಎರಡನ್ನೂ ಕೂರಿಸಿ ಎರಡು ಕಾರುಗಳನ್ನು ಬಿಡದಿಯಲ್ಲೇ ಮಾಡತೊಡಗಿದರು. ಟೊಯೊಟಾ ಹೆಸರಿನಲ್ಲಿ ಅರ್ಬನ್ ಕ್ರೂಸರ್ ಹೈರೈಡರ್, ಮಾರುತಿ ಹೆಸರಿನಲ್ಲಿ ಗ್ರ್ಯಾಂಡ್ ವಿಟಾರಾ. 2022ರ ಸೆಪ್ಟೆಂಬರ್ 26ರಂದು 10.45 ಲಕ್ಷ ರೂಪಾಯಿಯ ಆರಂಭಿಕ ಬೆಲೆಗೆ ಬಿಡುಗಡೆಯಾದ ಗ್ರ್ಯಾಂಡ್ ವಿಟಾರಾ, ಎರಡು ವರ್ಷ ತುಂಬುವ ಮೊದಲೇ ಎರಡು ಲಕ್ಷ ಕಾರುಗಳ ಗಡಿ ದಾಟಿತು. ಲೀಟರಿಗೆ 27.97 ಕಿಲೋಮೀಟರ್ ಎಂಬ ಪೂರ್ಣ ಹೈಬ್ರಿಡ್‌ನ ಪ್ರಮಾಣಿತ ಮೈಲೇಜು ಅದರ ದೊಡ್ಡ ಆಕರ್ಷಣೆ.

ಇಲ್ಲೂ ಟೇಪು ಹಿಡಿದು ನೋಡಿ. ಗ್ರ್ಯಾಂಡ್ ವಿಟಾರಾ ಉದ್ದ 4,345 ಮಿಲಿಮೀಟರ್. ಉದ್ದದ ರಿಯಾಯಿತಿಯ ಆಸೆ ಬಿಟ್ಟಿದೆ. ತಳದ ಎತ್ತರ 210. ಆದರೆ ಎಂಜಿನ್ 1,462 ಅಥವಾ 1,490 ಸಿಸಿ. ಮೂರು ಷರತ್ತಿನಲ್ಲಿ ಒಂದು ತಪ್ಪಿದ್ದರಿಂದ ಬಿಡುಗಡೆಯಾದಾಗಿನ ಜಿಎಸ್‌ಟಿಯ ಲೆಕ್ಕದಲ್ಲಿ ಇದು ಎಸ್‌ಯುವಿಯೇ ಆಗಿರಲಿಲ್ಲ! ಶೋರೂಮಿನಲ್ಲಿ ಎಸ್‌ಯುವಿ, ತೆರಿಗೆ ಕಚೇರಿಯಲ್ಲಿ ಮಧ್ಯಮ ಕಾರು. ಕಂಪನಿ ಮೋಸ ಮಾಡಿಲ್ಲ. ನಿಯಮ ಹೇಗಿದೆಯೋ ಹಾಗೆ ಕಾರು ಮಾಡಿದೆ. ದೋಷವಿರುವುದು ಅಳತೆಗೋಲಿನಲ್ಲಿ.

ಅಳತೆಗೋಲಿನ ವಿಚಿತ್ರ ಇನ್ನೂ ಇದೆ. 2023ರ ಜುಲೈನಲ್ಲಿ ಜಿಎಸ್‌ಟಿ ಮಂಡಳಿಯ 50ನೇ ಸಭೆ, ತಳದ ಎತ್ತರವನ್ನು ಖಾಲಿ ವಾಹನದಲ್ಲೇ ಅಳೆಯಬೇಕು ಎಂದು ಸ್ಪಷ್ಟಪಡಿಸಿತು. ತೆರಿಗೆಗೆ ಅದು ಸರಿಯೇ ಇರಬಹುದು. ಆದರೆ ಖಾಲಿ ಕಾರಿನ ಎತ್ತರ ಜಾಹೀರಾತಿನ ಎತ್ತರ. ಐದು ಜನ ಕೂತು ಸಾಮಾನು ಹೇರಿದ ಮೇಲೆ ಸ್ಪ್ರಿಂಗು ಕುಸಿದು ಉಳಿಯುವುದೇ ಹಾದಿಯ ಎತ್ತರ. ಅದನ್ನು ಕೊಳ್ಳುವವರಿಗೆ ತಿಳಿಸಿ ಹೇಳುವವರಿಲ್ಲ. ಇನ್ನೊಂದು ಮರೆಮಾಚುವಿಕೆ ಚಾಸಿಯದ್ದು. ಬೊಲೆರೊ ಏಣಿಯಾಕಾರದ ಉಕ್ಕಿನ ಚಾಸಿಯ ಮೇಲೆ ಕೂತ ಗಾಡಿ. ಎಂಜಿನ್ನಿನ ಶಕ್ತಿ ಹಿಂದಿನ ಗಾಲಿಗೆ. ಹಿಂದೆ ಭಾರ ಬಿದ್ದಷ್ಟೂ ಆ ಗಾಲಿಗಳು ನೆಲ ಕಚ್ಚುತ್ತವೆ. ಬ್ರೆಝಾ, ನೆಕ್ಸಾನ್, ವೆನ್ಯೂ ಕ್ರಾಸ್‌ಓವರ್‌ಗಳು. ಕಾರಿನಂತೆ ಮೈಯೇ ಚಾಸಿ, ಶಕ್ತಿ ಮುಂದಿನ ಗಾಲಿಗೆ. ಹಿಂದೆ ಹೇರಿದರೆ ಮೂತಿ ಹಗುರಾಗುತ್ತದೆ; ಹಸಿ ಎರೆಯ ಏರಿನಲ್ಲಿ ಮುಂದಿನ ಗಾಲಿ ಸುಮ್ಮನೆ ತಿರುಗುತ್ತದೆ. ನೋಟ ಜೀಪಿನದು, ಸ್ವಭಾವ ಹ್ಯಾಚ್‌ಬ್ಯಾಕಿನದು. ಡಾಂಬರಿನ ಮೇಲೆ ಇದೇ ಸ್ವಭಾವ ಒಳ್ಳೆಯದು: ಕುಲುಕಾಟ ಕಡಿಮೆ, ಎಣ್ಣೆಯ ಖರ್ಚು ಕಡಿಮೆ, ತಿರುವಿನಲ್ಲಿ ಹಿಡಿತ ಹೆಚ್ಚು. ಆದರೆ ಜೀಪಿನ ಕೆಲಸಕ್ಕೆಂದು ಕೊಂಡವರು ಮೊದಲ ಮಳೆಗೇ ಟ್ರ್ಯಾಕ್ಟರಿನವರಿಗೆ ಫೋನು ಮಾಡಬೇಕಾಗುತ್ತದೆ.

ಎತ್ತರ ಅಂದರೆ ಭದ್ರತೆ ಎಂಬ ನಂಬಿಕೆಯೂ ಅಷ್ಟೇ ಅಪಾಯದ್ದು. 2017ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಅಪಘಾತ ಪರೀಕ್ಷೆಯಲ್ಲಿ ಏರ್‌ಬ್ಯಾಗ್ ಇಲ್ಲದ ರೆನೊ ಡಸ್ಟರ್‌ಗೆ ದೊಡ್ಡವರ ರಕ್ಷಣೆಯಲ್ಲಿ ಸೊನ್ನೆ ನಕ್ಷತ್ರ ಬಂತು. ಕಿಯಾ ಸೆಲ್ಟೋಸ್‌ಗೆ 2020ರಲ್ಲಿ, ಕ್ರೆಟಾಗೆ 2022ರಲ್ಲಿ ಮೂರು ನಕ್ಷತ್ರ. ಇವೆಲ್ಲ ಎದೆ ಎತ್ತಿ ನಿಂತ ಕಾರುಗಳೇ. ಅದೇ ವೇಳೆ ನೆಕ್ಸಾನ್ 2018ರ ಡಿಸೆಂಬರಿನಲ್ಲಿ ಐದು ನಕ್ಷತ್ರ ಪಡೆದ ಮೊದಲ ಭಾರತೀಯ ಕಾರಾಯಿತು. ಪಂಚ್ 2021ರಲ್ಲಿ ಅದೇ ಸಾಧನೆ ಮಾಡಿತು. ಅಂದರೆ ಭದ್ರತೆ ಎತ್ತರದಿಂದ ಬರುವುದಿಲ್ಲ, ಕಬ್ಬಿಣ ಎಲ್ಲಿ ಎಷ್ಟು ಗಟ್ಟಿ ಇಟ್ಟಿದ್ದಾರೆ, ಏರ್‌ಬ್ಯಾಗ್ ಎಷ್ಟು ಕೊಟ್ಟಿದ್ದಾರೆ ಎಂಬುದರಿಂದ ಬರುತ್ತದೆ. ಮಾಡಬೇಕೆಂದರೆ ನಾಲ್ಕು ಮೀಟರಿನೊಳಗೂ, ಹತ್ತು ಲಕ್ಷದೊಳಗೂ ಮಾಡಬಹುದು ಎಂಬುದನ್ನು ಈ ಎರಡು ಕಾರುಗಳು ತೋರಿಸಿವೆ. 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ. ಆದರೆ ಅದರ ನಕ್ಷತ್ರಕ್ಕೂ ತೆರಿಗೆಗೂ ಯಾವ ನಂಟೂ ಇಲ್ಲ. ಉದ್ದ ಒಂದು ಸೆಂಟಿಮೀಟರ್ ಕಡಿಮೆ ಮಾಡಿದರೆ ಲಾಭ. ಜೀವ ಉಳಿಸುವ ಕಬ್ಬಿಣ ಹೆಚ್ಚು ಹಾಕಿದರೆ ಲಾಭವಿಲ್ಲ.

ನಾಲ್ಕು ಮೀಟರ್ ನಿಯಮದ ಪರ ಇರುವವರ ವಾದ ಹಗುರವಲ್ಲ. ಆ ನಿಯಮ ಇಲ್ಲದಿದ್ದರೆ ಲಕ್ಷಾಂತರ ಕುಟುಂಬಗಳಿಗೆ ಹೊಸ ಕಾರು ಎಟುಕುತ್ತಿರಲಿಲ್ಲ. ಕಿಕ್ಕಿರಿದ ಊರುಗಳಲ್ಲಿ ಗಿಡ್ಡ ಕಾರೇ ಲೇಸು. ಈ ಅಳತೆಗೆ ಹೊಂದಿಕೊಂಡೇ ನಮ್ಮ ಎಂಜಿನಿಯರುಗಳು ಸಣ್ಣ ಜಾಗದಲ್ಲಿ ದೊಡ್ಡ ಕಾರು ಕಟ್ಟುವುದನ್ನು ಕಲಿತರು. ಇದೆಲ್ಲ ನಿಜ. ಆದರೆ ಮಗುವಿಗೆ ಹೊಲಿಸಿದ ಅಂಗಿಯನ್ನು ಅದು ಬೆಳೆದ ಮೇಲೂ ತೊಡಿಸಲಾಗದು. 2006ರ ನಿಯಮಕ್ಕೆ ಎರಡು ದಶಕವಾಗುತ್ತ ಬಂತು, ಮಾರುಕಟ್ಟೆ ಅದನ್ನು ದಾಟಿ ಹೋಗಿದೆ. ಬ್ರೆಝಾವನ್ನೇ ನೋಡಿ. 2016ರಲ್ಲಿ 1,248 ಸಿಸಿ ಡೀಸೆಲ್ ಎಂಜಿನ್ನಿನಿಂದ ರಿಯಾಯಿತಿ ಪಡೆದಿತ್ತು. 2020ರಲ್ಲಿ ಮಾರುತಿ ಡೀಸೆಲ್ ಕೈಬಿಟ್ಟು 1,462 ಸಿಸಿ ಪೆಟ್ರೋಲ್ ಹಾಕಿದಾಗ ರಿಯಾಯಿತಿ ಹೋಯಿತು. ಆದರೂ ಅದು ಹೆಚ್ಚು ಮಾರಾಟವಾಗುವ ಕಾರುಗಳ ಸಾಲಿನಿಂದ ಇಳಿಯಲಿಲ್ಲ. ತೆರಿಗೆ ಹುಟ್ಟಿಸಿದ ಆಕಾರವನ್ನು ಜನ ತೆರಿಗೆಯ ಆಸರೆ ಇಲ್ಲದೆಯೂ ಒಪ್ಪಿಕೊಂಡರು. 2025ರ ಸೆಪ್ಟೆಂಬರ್ 22ರಿಂದ ಸೆಸ್ ತೆಗೆದು ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಎರಡೇ ದರ ಮಾಡಿದಾಗ ಅಳತೆಗೋಲು ಬದಲಿಸುವ ಅವಕಾಶವಿತ್ತು. ಆದರೆ ಹಳೆಯದೇ ಉಳಿಯಿತು: ನಾಲ್ಕು ಮೀಟರಿನೊಳಗೆ 1,200 ಸಿಸಿ ಪೆಟ್ರೋಲ್ ಅಥವಾ 1,500 ಸಿಸಿ ಡೀಸೆಲ್ ಆದರೆ ಶೇ 18, ಮಿಕ್ಕಿದ್ದಕ್ಕೆ ಶೇ 40. ಲೀಟರಿಗೆ ಹೆಚ್ಚು ದೂರ ಓಡುವ ಬಿಡದಿಯ ಹೈಬ್ರಿಡ್‌ಗೂ ಶೇ 40, ಪೆಟ್ರೋಲ್ ಕುಡಿಯುವ ದೊಡ್ಡ ಐಷಾರಾಮಿ ಎಸ್‌ಯುವಿಗೂ ಶೇ 40. ಇದನ್ನು ಯಾವ ನ್ಯಾಯದಿಂದ ಸಮರ್ಥಿಸುವುದು?

ರಾಜ್ಯದ ಪಾತ್ರವೂ ಕಡಿಮೆಯದಲ್ಲ. ಕರ್ನಾಟಕದ ಜೀವಿತಾವಧಿ ತೆರಿಗೆ ಬೆಲೆಯ ಮೇಲೆ ನಿಂತಿದೆ: 5 ಲಕ್ಷದವರೆಗೆ ಶೇ 13, 10 ಲಕ್ಷದವರೆಗೆ 14, 20 ಲಕ್ಷದವರೆಗೆ 17, ಅದರಾಚೆ 18. ದೇಶದಲ್ಲೇ ಹೆಚ್ಚಿನ ದರಗಳ ಸಾಲಿನಲ್ಲಿ ನಮ್ಮದಿದೆ. ಹತ್ತೂವರೆ ಲಕ್ಷದ ಕಾರು ಕೊಂಡ ಮುಂಡರಗಿಯ ರೈತ ರಸ್ತೆಗೆಂದೇ ಸುಮಾರು ಒಂದೂಮುಕ್ಕಾಲು ಲಕ್ಷ ಕಟ್ಟುತ್ತಾನೆ. ಕಟ್ಟಿಯೂ ರಸ್ತೆಯನ್ನು ನಂಬದೆ ಎತ್ತರದ ಕಾರನ್ನೇ ಕೊಳ್ಳಬೇಕಾಗಿದೆ. ರಸ್ತೆ ಹಂಪುಗಳ ಲೆಕ್ಕ ನೋಡಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಹಂಪಿನ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. ಇಷ್ಟು ಅಗಲಕ್ಕೆ ನಿಧಾನವಾಗಿ ಏರಿಳಿಯುವ ಹಂಪು ಸ್ವಿಫ್ಟ್ ಕಾರಿನ ತಳವನ್ನೂ ಮುಟ್ಟಲಾರದು. ನಮ್ಮ ಹಳ್ಳಿಗಳಲ್ಲಿ ಹಾಗಿಲ್ಲ. ಅಪಘಾತವಾದ ಮರುದಿನ ಊರವರ ಒತ್ತಾಯಕ್ಕೆ ಸುರಿಸಿದ ಡಾಂಬರಿನ ಗುಡ್ಡೆಗಳವು. ಒಂದು ಹೆಜ್ಜೆ ಅಗಲ, ಮಿತಿ ಮೀರಿದ ಎತ್ತರ, ಬಣ್ಣವಿಲ್ಲ, ಫಲಕವಿಲ್ಲ. ಊರವರ ಭಯ ಸಾಚಾ. ವೇಗ ತಗ್ಗಿಸಲು ಅವರಿಗೆ ಬೇರೆ ದಾರಿ ಕೊಟ್ಟವರಿಲ್ಲ. ಆದರೆ ಅಂಥ ಒಂದೊಂದು ಹಂಪೂ ಹ್ಯಾಚ್‌ಬ್ಯಾಕಿನ ವಿರುದ್ಧ ಎಸ್‌ಯುವಿಯ ಜಾಹೀರಾತೇ ಆಗಿದೆ. ರಸ್ತೆ ಸರಿಯಿದ್ದರೆ ಏಳು ಲಕ್ಷದ ಕಾರಿನಲ್ಲಿ ಮುಗಿಯುವ ಕೆಲಸಕ್ಕೆ ಒಂದು ಮನೆ ಹನ್ನೊಂದು ಲಕ್ಷ ಸಾಲ ಮಾಡುತ್ತದೆ. ಆ ನಾಲ್ಕು ಲಕ್ಷ, ಅದರ ಬಡ್ಡಿ, ಹೆಚ್ಚಿನ ಭಾರಕ್ಕೆ ಸುಡುವ ಎಣ್ಣೆ, ಇವೆಲ್ಲ ಸರ್ಕಾರ ರಸೀದಿ ಕೊಡದೆ ವಸೂಲು ಮಾಡುವ ಇನ್ನೊಂದು ರಸ್ತೆ ತೆರಿಗೆ.

ಹಾಗಾದರೆ ಏನು ಮಾಡಬೇಕು? ಮೊದಲನೆಯದು, ಕೇಂದ್ರ ಸರ್ಕಾರ ಉದ್ದದ ಟೇಪನ್ನು ಕೆಳಗಿಟ್ಟು ಕಾರಿನ ತೂಕ, ಅದು ಉಗುಳುವ ಹೊಗೆ, ಭಾರತ್ ಎನ್‌ಕ್ಯಾಪ್ ನಕ್ಷತ್ರ ಇವುಗಳ ಮೇಲೆ ತೆರಿಗೆ ನಿಗದಿಮಾಡಬೇಕು. ರಸ್ತೆಯನ್ನು ಸವೆಸುವುದು ತೂಕ, ಗಾಳಿ ಕೆಡಿಸುವುದು ಹೊಗೆ, ಜೀವ ಉಳಿಸುವುದು ಗಟ್ಟಿತನ. ಈ ಮೂರನ್ನೂ ಅಳೆಯುವ ಏರ್ಪಾಡು ದೇಶದಲ್ಲಿ ಈಗಲೇ ಇದೆ. ಎರಡನೆಯದು, ರಾಜ್ಯ ಸರ್ಕಾರ ಜಿಲ್ಲಾ ರಸ್ತೆಗಳ ಹಂಪುಗಳನ್ನೆಲ್ಲ ಮಾನದಂಡಕ್ಕೆ ತಂದು, ಮರಳು ಮತ್ತು ಕಬ್ಬಿನ ಅತಿಭಾರದ ಲಾರಿಗಳನ್ನು ತೂಕದ ಕಟ್ಟೆಯ ಮೇಲೆ ನಿಲ್ಲಿಸಬೇಕು. ಇದಕ್ಕೆ ಹೊಸ ಕಾನೂನು ಬೇಡ, ಇರುವುದನ್ನು ನಡೆಸುವ ಮನಸ್ಸು ಸಾಕು. ಮೂರನೆಯದು, ಕಂಪನಿಗಳು ಖಾಲಿ ಕಾರಿನ ಎತ್ತರದ ಜೊತೆಗೆ ಐದು ಜನ ಕೂತಾಗಿನ ಎತ್ತರವನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಮುದ್ರಿಸುವುದು ಕಡ್ಡಾಯವಾಗಬೇಕು.

ಕಾಂಪ್ಯಾಕ್ಟ್ ಎಸ್‌ಯುವಿ ಕೆಟ್ಟ ಕಾರಲ್ಲ. ತೆರಿಗೆಯ ಕೋಣೆಯಲ್ಲಿ ಹುಟ್ಟಿದರೂ ಹಳ್ಳಿಯ ಹಾದಿಗೆ ಅರ್ಧದಷ್ಟಾದರೂ ಉತ್ತರ ಕೊಟ್ಟ ಕಾರು. ಉಳಿದರ್ಧ ಉತ್ತರವನ್ನು ಕೊಡಬೇಕಾದದ್ದು ಲೋಕೋಪಯೋಗಿ ಇಲಾಖೆ. ಅಲ್ಲಿಯತನಕ ಕಾರು ಕೊಳ್ಳಲು ಹೊರಟ ಓದುಗರು ಶೋರೂಮಿನಲ್ಲಿ ಮೂರು ಮಾತು ಕೇಳಲೇಬೇಕು. ನಕ್ಷತ್ರ ಎಷ್ಟು? ಶಕ್ತಿ ಯಾವ ಗಾಲಿಗೆ? ಮನೆಮಂದಿಯೆಲ್ಲ ಕೂತು ಒಮ್ಮೆ ನಮ್ಮ ಊರ ಹಾದಿಯಲ್ಲೇ ಓಡಿಸಿ ನೋಡಲು ಕೊಡುತ್ತೀರಾ? ಮೂರಕ್ಕೂ ನೆಟ್ಟಗೆ ಉತ್ತರ ಕೊಡದ ಅಂಗಡಿಯಲ್ಲಿ ಮುಂಗಡ ಕಟ್ಟಬೇಡಿ.